ಭಾವನ ಇಂಪೀಡೆನ್ಸು

ಮದುವೆಗೆ ಹೋದವರು ಮೊದಲು ಹೆಣ್ಣನ್ನು ನೋಡುತ್ತಾರೆ, ಆಮೇಲೆ ಗಂಡನ್ನು. ತೀರ ಹಸಿದವರಾದರೆ ನೇರವಾಗಿ ಊಟದ ಪಂಕ್ತಿಯನ್ನು. ನಮ್ಮ ಭಾವ ನೋಡುವುದು ಆಂಪ್ಲಿಫೈಯರಿನ ಬೆನ್ನನ್ನು! ಹೌದು, ಬೆನ್ನನ್ನೇ. ವೈರುಗಳೆಲ್ಲ ಅಲ್ಲಿರುತ್ತವಂತೆ, ಮುಖದ ಕಡೆ ಇರುವುದು ಬರೀ ಲೈಟಂತೆ.

ಚಿಂತಾಮಣಿಯಲ್ಲಿ ನಮ್ಮ ಸೋದರಮಾವನ ಮೊಮ್ಮಗಳ ಮದುವೆ. ಮುಹೂರ್ತದ ಹೊತ್ತಿಗೆ ನಾವೆಲ್ಲ ಅಕ್ಷತೆ ಹಿಡಿದು ನಿಂತಿದ್ದೇವೆ, ಭಾವ ನಾಪತ್ತೆ. ಹುಡುಕಿಕೊಂಡು ಹೋದರೆ ವೇದಿಕೆಯ ಹಿಂದೆ, ಎರಡು ಸ್ಪೀಕರ್ ಪೆಟ್ಟಿಗೆಗಳ ಸಂದಿಯಲ್ಲಿ, ರೇಷ್ಮೆ ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ಕುಕ್ಕರಗಾಲಲ್ಲಿ ಕೂತು ಡಿಜೆಯವನಿಗೆ ಬುದ್ಧಿ ಹೇಳುತ್ತಿದ್ದಾರೆ.

"ನಾಲ್ಕು ಓಮ್ ತಡ್ಕೊಳ್ಳೋ ಆಂಪ್ಲಿಫೈಯರ್‌ಗೆ ಎರಡು ಓಮ್ ಲೋಡ್ ಕೊಟ್ಟಿದ್ದೀಯಲ್ಲಪ್ಪ! ಒಂದು ಎತ್ತಿಗೆ ಎರಡು ಗಾಡಿ ಕಟ್ಟಿದ್ರೆ ಅದು ಎಷ್ಟು ಅಂತ ಎಳೀತದೆ?"

"ಅಂಕಲ್, ತಾಳಿ ಕಟ್ತಾವ್ರೆ. ವಾದ್ಯದವರ ಮೈಕ್ ಆನ್ ಮಾಡ್ಬೇಕು, ಸ್ವಲ್ಪ ಜರುಗಿ."

"ತಾಳಿ ಕಟ್ಟಿದ್ಮೇಲೆ ಬಿಚ್ಚಕ್ಕಾಗಲ್ಲ ಕಣಪ್ಪ. ವೈರು ಬಿಚ್ಚಬೋದು. ಮೊದ್ಲು ಅದನ್ನ ಬಿಚ್ಚು!"

ಭಾವ ಎಂದರೆ ನನ್ನ ಅಕ್ಕನ ಗಂಡ. ಒಂದು ಕಾಲಕ್ಕೆ ಅದೇ ಚಿಂತಾಮಣಿಯಲ್ಲಿ ಮೈಕ್ ಸೆಟ್ ಅಂಗಡಿ ಇಟ್ಟಿದ್ದವರು. ಸುತ್ತಮುತ್ತಲ ಹಳ್ಳಿಗಳ ಮದುವೆ, ನಾಮಕರಣ, ಗಣೇಶ, ಎಲೆಕ್ಷನ್ನು, ಎಲ್ಲಕ್ಕೂ ಇವರದೇ ಹಾರ್ನು. ಡಿಜೆಗಳು ಬಂದ ಮೇಲೆ ಅಂಗಡಿ ಮುಚ್ಚಿ, ಸಾದಲಿ ಕಡೆಯ ತಮ್ಮ ಹಳ್ಳಿಗೆ ಹೋಗಿ ಅಕ್ಕನ ಜೊತೆ ಹಿಪ್ಪುನೇರಳೆ, ರೇಷ್ಮೆ ಹುಳ ಎಂದು ನೆಲೆಯಾದರು. ಅಂಗಡಿ ಮುಚ್ಚಿತೇ ಹೊರತು ಓಮ್ ಬಿಡಲಿಲ್ಲ.

ಓಮ್ ಎಂದರೆ ದೇವರ ಮನೆಯದಲ್ಲ. ಸ್ಪೀಕರಿಗೋ ಹೆಡ್‌ಫೋನಿಗೋ ಕರೆಂಟು ಹೋಗುವಾಗ ಅದು ಎಷ್ಟು ಹಟ ಮಾಡುತ್ತದೆ ಎನ್ನುವುದರ ಅಳತೆ. ಆ ಹಟದ ಹೆಸರು ಇಂಪೀಡೆನ್ಸು. ಕಡಿಮೆ ಓಮಿನದು ಕರೆದ ತಕ್ಷಣ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಹೆಚ್ಚು ಓಮಿನದು ಒತ್ತಿ ತಳ್ಳಿದರೆ ಮಾತ್ರ. ಇಷ್ಟನ್ನು ಭಾವ ನನಗೆ ಅವರೆಕಾಯಿ ಸುಲಿಯುವಾಗ ಹೇಳಿದ್ದಾರೆ, ಶಿಡ್ಲಘಟ್ಟದ ಬಸ್ಸಿನಲ್ಲಿ ಹೇಳಿದ್ದಾರೆ, ಒಂದು ಸಲ ತಿಥಿಯ ಊಟದ ಎಲೆಯ ಮುಂದೆಯೂ ಹೇಳಿದ್ದಾರೆ. ನನಗೆ ಬೇಳೆಯ ಹದ ಗೊತ್ತಿರುವಷ್ಟೇ ಚೆನ್ನಾಗಿ ಈಗ ಇಂಪೀಡೆನ್ಸೂ ಗೊತ್ತು!

ಭಾವನ ಲೆಕ್ಕದಲ್ಲಿ ಮನುಷ್ಯರಿಗೂ ಓಮ್ ಉಂಟು. "ನಿಮ್ಮನೆಯವರು ಆರುನೂರು ಓಮ್ ಕಣಮ್ಮ, ಎಷ್ಟು ಹೇಳಿದ್ರೂ ಒಳಕ್ಕೇ ಹೋಗಲ್ಲ. ನಿಂದು ಎಂಟು. ಪಿಸುಗುಟ್ಟಿದ್ರೂ ಊರಿಗೆಲ್ಲಾ ಕೇಳಿಸ್ತದೆ."

"ಅಕ್ಕನದು ಎಷ್ಟು ಭಾವ?" ಎಂದೆ. ಅಕ್ಕ ಅಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು.

ಭಾವ ಅತ್ತ ಇತ್ತ ನೋಡಿ, "ಇವಳದನ್ನ ಅಳೆಯೋ ಮೀಟರು ಇನ್ನೂ ಬಂದಿಲ್ಲಮ್ಮ" ಎಂದರು.

ಇಂಥ ಭಾವನಿಗೆ ಹೆಡ್‌ಫೋನಿನ ಹುಚ್ಚು ಹತ್ತಿದ್ದಾದರೂ ಯಾಕೆ? ಹಾಡು ಕೇಳುವುದಕ್ಕಲ್ಲ. ಭಾವ ಹಾಡು ಕೇಳುವುದನ್ನು ನಾನು ಕಂಡೇ ಇಲ್ಲ. ಹಾಡು ಬಂದರೆ ಅವರಿಗೆ ಅದರಲ್ಲಿರುವ ಗುಂಯ್‌ ಸದ್ದು ಮಾತ್ರ ಕೇಳಿಸುತ್ತದೆ. ಹುಚ್ಚು ಹತ್ತಿದ್ದು ಅಕ್ಕನಿಂದ.

ಅಕ್ಕನಿಗೂ ನನಗೂ ತವರು ಶಿಡ್ಲಘಟ್ಟದ ಕಡೆ. ಆಗ ಬೇರೆ ಹುಳದ ಮನೆ ಎಂದು ಇರಲಿಲ್ಲ. ಹುಳಕ್ಕೂ ನಮಗೂ ಒಂದೇ ಸೂರು. ಹುಳದ ತಟ್ಟೆಗಳ ಸ್ಟ್ಯಾಂಡು ನಡುಮನೆಯಲ್ಲಿ, ಅದರ ಪಕ್ಕದಲ್ಲಿ ನಮ್ಮ ಚಾಪೆ. ಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಮಲಗಿ, ಪೊರೆ ಕಳಚುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳಕ್ಕೆ ಒಂದು ಹಸಿವು ಬರುತ್ತದೆ ನೋಡಿ, ಅದು ಹಸಿವಲ್ಲ, ಹಬ್ಬ! ಸೊಪ್ಪು ಹಾಕಿದ ಸ್ವಲ್ಪ ಹೊತ್ತಿಗೆ ಮನೆ ತುಂಬ ಒಂದು ಶಬ್ದ ಏಳುತ್ತದೆ. ಹೆಂಚಿನ ಮೇಲೆ ಸಣ್ಣ ಮಳೆ ಹಿಡಿದ ಹಾಗೆ, ಬಿಡದೆ, ಒಂದೇ ಸಮನೆ. ಆ ಶಬ್ದ ಚೆನ್ನಾಗಿದ್ದರೆ ಅಪ್ಪನ ಮುಖ ಚೆನ್ನಾಗಿರುತ್ತಿತ್ತು. ಅಪ್ಪನ ಮುಖ ಚೆನ್ನಾಗಿದ್ದರೆ ನಮಗೆ ಬಳೆ, ರಿಬ್ಬನ್ನು.

ನಾನು ಮದುವೆಯಾಗಿ ಚಿಕ್ಕಬಳ್ಳಾಪುರಕ್ಕೆ ಬಂದೆ, ಬಸ್ಸು ಓಡಾಡುವ ರಸ್ತೆಯ ಮೇಲಿನ ಮನೆಗೆ. ಅಕ್ಕ ಆ ಶಬ್ದವನ್ನು ಬಿಡಲಿಲ್ಲ. ತನ್ನ ಮನೆಯ ಎದುರಿಗೇ, ಅಂಗಳದ ಆಚೆ, ಹುಳಕ್ಕೆಂದೇ ದೊಡ್ಡ ಮನೆ ಕಟ್ಟಿಸಿಕೊಂಡು ಅದರಲ್ಲಿ ರಾಣಿಯ ಹಾಗೆ ಓಡಾಡಿಕೊಂಡಿದ್ದಳು. ಚಪ್ಪಲಿ ಹೊರಗೆ ಬಿಡದವರನ್ನು, ಊದುಬತ್ತಿ ವಾಸನೆ ಹೊತ್ತು ಬಂದವರನ್ನು ಬಾಗಿಲಲ್ಲೇ ಗದರಿ ಕಳಿಸುತ್ತಿದ್ದಳು. ಹೀಗಿರುವಾಗ ಅವಳಿಗೆ ಉಬ್ಬಸ ಶುರುವಾಯಿತು. ಒಂದೊಂದು ಬೆಳೆಗೂ ಜಾಸ್ತಿಯಾಯಿತು. ಡಾಕ್ಟರು ಕೇಳಿ, ನೋಡಿ, ಪರೀಕ್ಷೆ ಮಾಡಿಸಿ, ಹುಳದ ಮೈಯಿಂದ ಉದುರುವ ಪುಡಿಯೂ ಆ ಮನೆಯ ಧೂಳೂ ಇವಳಿಗೆ ಆಗುವುದಿಲ್ಲ, ಇನ್ನು ಮೇಲೆ ಹುಳದ ಮನೆಯ ಹೊಸ್ತಿಲು ದಾಟಕೂಡದು ಎಂದುಬಿಟ್ಟರು.

ಅಲ್ಲಿಂದ ಅಕ್ಕ ಜಗುಲಿಗೆ ಬಂದಳು. ಹುಳದ ಕೆಲಸವನ್ನು ಭಾವನೂ ಇಬ್ಬರು ಆಳುಗಳೂ ನೋಡಿಕೊಳ್ಳುತ್ತಾರೆ. ಅವಳು ಜಗುಲಿಯ ಕಂಬಕ್ಕೆ ಒರಗಿ ಎದುರಿನ ಬಾಗಿಲನ್ನು ನೋಡುತ್ತಾಳೆ. ಒಳಗಿನಿಂದ ಯಾರು ಬಂದರೂ ಒಂದೇ ಪ್ರಶ್ನೆ: "ಶಬ್ದ ಹೆಂಗೈತೆ?" ಅವರು "ಚೆನ್ನಾಗೈತಮ್ಮ" ಎಂದು ಹೋಗುತ್ತಾರೆ. ಚೆನ್ನಾಗಿದೆ ಎಂದರೆ ಏನು ತಿಳಿಯಬೇಕು? ಪಾಯಸ ಕುಡಿದು ಬಂದವರು ಚೆನ್ನಾಗಿದೆ ಎಂದರೆ ಕೇಳಿದವರ ನಾಲಿಗೆಗೆ ಸಿಹಿಯಾಗುತ್ತದೆಯೇ?

ಸಂಜೆ ನನಗೆ ಫೋನು ಮಾಡುತ್ತಾಳೆ.

"ಏನೇ ಮಾಡ್ತಿದ್ದೀಯಾ?"

"ಸಾರಿಗೆ ಒಗ್ಗರಣೆ ಹಾಕ್ತಿದ್ದೀನಿ ಅಕ್ಕ."

"ಅದೇನೇ ಅದು ಸದ್ದು?"

"ಬಸ್ಸು."

"ಹೂಂ. ನಿಂಗೆ ಬಸ್ಸಾದ್ರೂ ಐತೆ."

ಇದನ್ನು ಭಾವ ಕೇಳಿಸಿಕೊಂಡರು. ಅವಳು ಶಬ್ದದ ಹತ್ತಿರ ಹೋಗುವ ಹಾಗಿಲ್ಲ ಎಂದರೆ ಶಬ್ದವನ್ನೇ ಅವಳ ಹತ್ತಿರ ತಂದರಾಯಿತು! ಜನ್ಮವೆಲ್ಲ ಪುರೋಹಿತರ ಬಾಯಿಂದ ಊರ ಕಿವಿಗೆ ಶಬ್ದ ಸಾಗಿಸಿದ ಮನುಷ್ಯನಿಗೆ ಹುಳದ ಬಾಯಿ ಯಾವ ಲೆಕ್ಕ? ಕಿಟಕಿ ತೆಗೆದಿಡಿ ಎಂದು ನಾನು ಹೇಳಬಹುದಿತ್ತು. ಆದರೆ ಹುಳಕ್ಕೆ ಊಜಿ ನೊಣದ ಕಾಟ. ಕಿಟಕಿಗೆ ಜಾಲರಿ, ಬಾಗಿಲಿಗೆ ಪರದೆ ಇಲ್ಲದೆ ಆಗುವುದಿಲ್ಲ. ತೆಗೆದಿಟ್ಟರೂ ಅಂಗಳ ದಾಟಿ ಬರುವಷ್ಟು ಗಟ್ಟಿ ಶಬ್ದವಲ್ಲ ಅದು.

ಭಾವ ಅಟ್ಟದಿಂದ ಹಳೆಯ ಆಂಪ್ಲಿಫೈಯರು ಇಳಿಸಿದರು. ಹುಳದ ಮನೆಯಲ್ಲಿ ದಾರ ಕಟ್ಟಿ, ತಟ್ಟೆಗಳ ಮೇಲೆ ಮೈಕು ಇಳಿಬಿಟ್ಟರು. ಜಗುಲಿಯ ಮೇಲೆ, ಅಕ್ಕನ ತಲೆಯ ನೇರಕ್ಕೆ, ತಮ್ಮ ಅಂಗಡಿಯ ಕೊನೆಯ ಹಾರ್ನನ್ನು ಕಟ್ಟಿದರು. ಮಧ್ಯಾಹ್ನದ ಸೊಪ್ಪು ಬಿತ್ತು. ಭಾವ ಗುಂಡಿ ತಿರುಗಿಸಿದರು.

ಅದು ರಾಗಿ ಒಕ್ಕಣೆಯ ಕಾಲ. ಬೀದಿಯ ಉದ್ದಕ್ಕೂ ರಾಗಿ ಹರಡಿದ್ದರು. ಬಿಸಿಲು ಚುರುಗುಟ್ಟುತ್ತಿತ್ತು. ಇದ್ದಕ್ಕಿದ್ದ ಹಾಗೆ ಭೋರ್ ಎಂದು ಜಡಿಮಳೆಯ ಸದ್ದು! ಎದುರು ಮನೆಯ ಅಜ್ಜಮ್ಮ, "ವಾನ ವಚ್ಚಿಂದಿ! ವಾನ ವಚ್ಚಿಂದಿ!" ಎಂದು, ಮಳೆ ಬಂತೆಂದು ತೆಲುಗಿನಲ್ಲೇ ಕೂಗಿಕೊಂಡು ಈಚೆಗೆ ಓಡಿಬಂದರು. ಅವರ ಹಿಂದೆ ಬೀದಿಯೇ ಓಡಿಬಂತು. ಟಾರ್ಪಾಲು ಎಳೆಯುವವರು, ರಾಗಿ ಗುಡಿಸುವವರು, ಬಟ್ಟೆ ಬಾಚಿಕೊಳ್ಳುವವರು. ಎಲ್ಲವನ್ನೂ ಒಳಗೆ ಹಾಕಿದ ಮೇಲೆ ಒಬ್ಬರು ಆಕಾಶ ನೋಡಿದರು. ಒಂದು ತುಂಡು ಮೋಡವಿಲ್ಲ. ಸದ್ದು ಮಾತ್ರ ನಿಂತಿಲ್ಲ. ಆಮೇಲೆ ಎಲ್ಲರೂ ಹಾರ್ನಿನ ಕಡೆ ತಿರುಗಿದರು.

ಅಜ್ಜಮ್ಮ ಅಂದದ್ದರಲ್ಲಿ ಬರೆಯಬಹುದಾದದ್ದು ಇಷ್ಟೇ: "ನಿನ್ ಮೈಕಿಗೆ ನಮ್ ರಾಗೀನೇ ಬೇಕಿತ್ತೇನಯ್ಯಾ?"

ಅಕ್ಕನ ಕೋಪ ಬೇರೆಯದು. "ಏನ್ರೀ, ಬುದ್ಧಿ ಐತಾ? ನಮ್ ಹುಳ ಹಿಂಗ್ ತಿಂತಾವೆ ಅಂತ ಊರಿಗೆಲ್ಲಾ ಸಾರಿದ್ರಲ್ಲ, ದೃಷ್ಟಿ ಆಗಲ್ವಾ?"

ಹುಳದ ಮನೆಯ ಮಾತು ಹೊರಗೆ ಆಡುವಂಥದ್ದಲ್ಲ ನೋಡಿ. ಬೆಳೆ ಚೆನ್ನಾಗಿದ್ದರೆ "ಏನೋ ಇದೆ" ಎನ್ನಬೇಕು. ಹಾಗಾದರೆ ಅಕ್ಕನೊಬ್ಬಳಿಗೇ ಕೇಳಬೇಕು, ಬೇರೆ ಯಾರಿಗೂ ಕೇಳಬಾರದು. ಅಂದರೆ ಹೆಡ್‌ಫೋನು! ಭಾವನ ಕಣ್ಣಲ್ಲಿ ಹೊಸ ಬೆಳಕು ಹತ್ತಿಕೊಂಡದ್ದು ಆಗ.

ಸುದ್ದಿ ಕೇಳಿದ ನಮ್ಮ ಮನೆಯವರು, ಭಾವನ ಮಾತಿಗೆ ಕಾಯದೆ, ಆನ್‌ಲೈನಿನಲ್ಲಿ ಒಂದು ಹೆಡ್‌ಫೋನು ತರಿಸಿದರು. ಅದರ ಡಬ್ಬದ ಮೇಲೆ ಇನ್ನೂರೈವತ್ತು ಓಮ್ ಎಂದು ಬರೆದಿತ್ತು. ಇವರು ಮೂವತ್ತೆರಡರದನ್ನೂ ನೋಡಿದ್ದರಂತೆ. "ಮೂವತ್ತೆರಡು ಎಲ್ಲಿ, ಇನ್ನೂರೈವತ್ತು ಎಲ್ಲಿ! ಕೊಡೋದು ನಿನ್ನ ಅಕ್ಕನಿಗೆ, ಕಡಿಮೆದು ಕೊಡೋಕಾಗುತ್ತಾ?" ಎಂದರು. ನನಗೂ ಅದು ಸರಿಯೆನಿಸಿತು. ರೇಷ್ಮೆ ಸೀರೆಯಲ್ಲಿ ತೂಕ ಹೆಚ್ಚಿದಷ್ಟೂ ಒಳ್ಳೆಯದಲ್ಲವೇ?

ಇಬ್ಬರೂ ಹೊತ್ತುಕೊಂಡು ಹೋದೆವು. ಅಕ್ಕ ತಲೆಗೆ ಸೇವಂತಿಗೆ ಮುಡಿದಿದ್ದಳು. ಹೂವು ನಲುಗದ ಹಾಗೆ ಅದನ್ನು ತೊಡಿಸಿ, ಅವಳ ಮೊಬೈಲಿಗೆ ಚುಚ್ಚಿ, ಒಂದು ಹಾಡು ಹಾಕಿದೆವು. ಅಕ್ಕ ಕೂತಳು. ನಾವು ಅವಳ ಮುಖ ನೋಡಿಕೊಂಡು ಕೂತೆವು.

"ಹೆಂಗಿದೆ ಅಕ್ಕ?"

"ಚೆನ್ನಾಗೈತೆ ಕಣೇ."

"ಹಾಡು ಕೇಳಿಸ್ತಾ?"

ಅಕ್ಕ ನಮ್ಮ ಮನೆಯವರ ಮುಖ ನೋಡಿದಳು. ಪಾಪ, ಬೇಜಾರು ಮಾಡಬಾರದು. "ಬೆಚ್ಚಗೈತೆ" ಎಂದಳು.

ಭಾವ ಬಂದು, ಡಬ್ಬ ತಿರುಗಿಸಿ, ಅಂಕಿ ನೋಡಿ, ತಲೆ ಚಚ್ಚಿಕೊಂಡರು. "ಇನ್ನೂರೈವತ್ತು ಓಮ್ ತಂದು ಮೊಬೈಲಿಗೆ ಹಾಕಿದ್ದೀರಲ್ಲಪ್ಪ! ಸಾವಿರದೈನೂರು ಅಡಿ ಬೋರಿಗೆ ಅರ್ಧ ಎಚ್‌ಪಿ ಮೋಟರು ಇಳಿಬಿಟ್ರೆ ನೀರು ಬರ್ತದಾ? ತಪ್ಪು ಬೋರಿಂದೂ ಅಲ್ಲ, ಮೋಟರಿಂದೂ ಅಲ್ಲ. ಜೋಡಿ ಕಟ್ಟಿದೋರ್ದು. ಮೊಬೈಲಿಗೆ ಅಂದ್ರೆ ಹದಿನಾರೋ ಮೂವತ್ತೆರಡೋ ಸಾಕು. ಅದೂ ಓಮ್ ಒಂದನ್ನೇ ನೋಡಿದ್ರಾಗಲ್ಲ. ಸೆನ್ಸಿಟಿವಿಟಿ ಅಂತ ಇನ್ನೊಂದೈತೆ, ಕೊಟ್ಟಷ್ಟಕ್ಕೆ ಎಷ್ಟು ಜೋರಾಗಿ ಕೂಗ್ತದೆ ಅಂತ. ಅದನ್ನ ಬಿಟ್ಟು ಓಮ್ ನೋಡೋದು, ಜಾತಕ ನೋಡಿ ಹುಡುಗನ್ನ ನೋಡ್ದೆ ಮದುವೆ ಮಾಡಿದ್ಹಂಗೆ!"

"ಬ್ಲೂಟೂತಿಂದು ತರಣ ಬಿಡಿ, ವೈರಿನ ಗೋಳೇ ಇರಲ್ಲ" ಎಂದರು ನಮ್ಮ ಮನೆಯವರು.

"ಅದು ಮನೆಅಳಿಯ ಇದ್ದಂಗೆ. ಆಂಪ್ಲಿಫೈಯರು ಅದರ ಹೊಟ್ಟೇಲೇ ಇರ್ತದೆ, ನಾವು ಓಮ್ ಕೇಳಂಗಿಲ್ಲ. ಸರಿ. ಆದ್ರೆ ಅಂಗಳ ದಾಟಿ, ಈ ದಪ್ಪ ಮಣ್ಣುಗೋಡೆ ದಾಟಿ ಬರಲಿ ನೋಡಣ!"

ಆ ಹೆಡ್‌ಫೋನು ಅಕ್ಕನ ಬಳಿಯೇ ಉಳಿಯಿತು. ಮಾಗಿಯ ಚಳಿಯಲ್ಲಿ ಬೆಳಗ್ಗೆ ಹಾಲು ಕರೆಯುವಾಗ ಅವಳು ಅದನ್ನೇ ಹಾಕಿಕೊಳ್ಳುತ್ತಿದ್ದಳಂತೆ. ವೈರನ್ನು ಸೊಂಟಕ್ಕೆ ಸಿಗಿಸಿಕೊಂಡು.

ಸರಿ, ಮಾರನೆಯ ದಿನವೇ ಭಾವ ಖುದ್ದಾಗಿ ಚಿಕ್ಕಬಳ್ಳಾಪುರಕ್ಕೆ ಬಂದರು. ನಾನೂ ಜೊತೆಗೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿ. ಅಂಗಡಿಯವರು ಒಳ್ಳೆಯ ಮನುಷ್ಯರು. ನಾನು ಚಾರ್ಜರು ತಗೊಳ್ಳುವುದು ಅಲ್ಲೇ.

"ಹೆಡ್‌ಫೋನ್ ತೋರ್ಸಪ್ಪ. ಇಂಪೀಡೆನ್ಸ್ ಎಷ್ಟಿಂದೈತೆ?"

"ಬ್ಲಾಕಿದೆ, ಬ್ಲೂ ಇದೆ ಸರ್."

"ಬಣ್ಣ ಅಲ್ಲಪ್ಪ. ಓಮ್."

"ಬಾಸ್ ಸೂಪರಾಗಿದೆ ಸರ್, ಒಂದ್ಸಲ ಹಾಕ್ಕೊಳ್ಳಿ!"

ಭಾವ ಜುಬ್ಬದ ಜೇಬಿನಿಂದ ಮೀಟರು ತೆಗೆದರು. ಹೌದು, ಕೆಂಪು ಕಡ್ಡಿ, ಕಪ್ಪು ಕಡ್ಡಿ ಇರುವ ಮೀಟರು. ಬೇರೆಯವರ ಜೇಬಿನಲ್ಲಿ ಕನ್ನಡಕ ಇರುವ ಹಾಗೆ ಇವರ ಜೇಬಿನಲ್ಲಿ ಅದು. ಕೌಂಟರಿನ ಮೇಲಿದ್ದ ಹೆಡ್‌ಫೋನುಗಳ ಪಿನ್ನನ್ನು ಒಂದೊಂದಾಗಿ ಹಿಡಿದು ನಾಡಿ ನೋಡತೊಡಗಿದರು. "ಇದು ಮೂವತ್ತು ತೋರ್ಸ್ತಾ ಐತೆ. ಅಂದ್ರೆ ಮೂವತ್ತೆರಡಿಂದು. ಮೀಟರು ಪೂರ್ತಿ ನಿಜ ಹೇಳಲ್ಲ ಕಣಮ್ಮ, ಸುಮ್ನೆ ನಿಂತಾಗಿನ ಹಟ ಮಾತ್ರ ತೋರಿಸ್ತದೆ. ಹಾಡು ಬಂದಾಗಿನ ಹಟವೇ ಬೇರೆ, ಏರ್ತದೆ, ಇಳೀತದೆ. ಇದು..." ಅಷ್ಟರಲ್ಲಿ ಹಿಂದೆ ಗಿರಾಕಿಗಳು ಸೇರಿದ್ದರು. ಇವರನ್ನು ಯಾವುದೋ ಇಲಾಖೆಯಿಂದ ತಪಾಸಣೆಗೆ ಬಂದವರು ಎಂದುಕೊಂಡು ಒಬ್ಬರು ತಮ್ಮ ಹೆಡ್‌ಫೋನನ್ನೂ ಮುಂದೆ ಚಾಚಿದರು. "ಸರ್, ಇದು ಒರಿಜಿನಲ್ಲಾ ನೋಡಿ."

ಅಂಗಡಿಯವರು ಕೈಮುಗಿದು, ಒಳಗಿನಿಂದ ಹದಿನಾರು ಓಮ್ ಎಂದು ಅಚ್ಚು ಹಾಕಿದ್ದ ಒಂದು ಇಯರ್‌ಫೋನು ತಂದು ಕೊಟ್ಟರು. "ತಗೊಂಡ್ಹೋಗಿ ಸರ್. ಹಿಡಿಸ್ದಿದ್ರೆ ವಾಪಸ್ ತಗೋತೀನಿ. ಮೀಟರ್ ಮಾತ್ರ ಮತ್ತೆ ತರ್ಬೇಡಿ."

ಹದಿನಾರು ಓಮು ಮೊಬೈಲಿಗೆ ಹಾಕಿದರೆ ಕಿವಿ ಹರಿಯುವಷ್ಟು ಜೋರು. ಭಾವ ಗೆದ್ದೆ ಎಂದುಕೊಂಡರು. ಒಂದು ಮೊಬೈಲನ್ನು ಹುಳದ ಮನೆಯಲ್ಲಿ ಇಟ್ಟು, ಅದರಿಂದ ಅಕ್ಕನ ಮೊಬೈಲಿಗೆ ಕರೆ ಹಾಕಿ, ಇಯರ್‌ಫೋನನ್ನು ಅವಳ ಕಿವಿಗೆ ಇಟ್ಟರು. ಏನು ಕೇಳಿಸಿತು? ಭಾವನ ಕೆಮ್ಮು ಕೇಳಿಸಿತು. ಪಕ್ಕದ ಮನೆಯ ಹುಂಜ ಕೇಳಿಸಿತು. ಹುಳದ ಶಬ್ದ ಮಾತ್ರ ಇಲ್ಲವೇ ಇಲ್ಲ! ಈಗಿನ ಫೋನುಗಳು ಮಾತನ್ನು ಇಟ್ಟುಕೊಂಡು ಹಿಂದಿನ ಗದ್ದಲವನ್ನು ಸೋಸಿ ಚೆಲ್ಲುತ್ತವಂತೆ. ಒಂದೇ ಸಮನೆ ಬರುವ ಸದ್ದೆಲ್ಲ ಅವಕ್ಕೆ ಗದ್ದಲ. ಫೋನಿಗೇನು ಗೊತ್ತು, ಇಲ್ಲಿ ಒಬ್ಬಳು ಆ ಗದ್ದಲಕ್ಕಾಗಿಯೇ ಕಿವಿ ತೆರೆದು ಕೂತಿದ್ದಾಳೆಂದು!

"ಹಂಗಾದ್ರೆ ರೆಕಾರ್ಡ್ ಮಾಡ್ಕೊಂಡು ಬರ್ತೀನಿ, ಬೇಕಾದಾಗ ಕೇಳು" ಎಂದರು ಭಾವ.

ಅಕ್ಕ ಇಯರ್‌ಫೋನನ್ನು ತೆಗೆದು ಅವರ ಕೈಗೇ ಇಟ್ಟಳು. "ಮೊನ್ನೆ ತಿಂದಿದ್ನ ಇವತ್ತು ಕೇಳಿ ಏನ್ ಮಾಡ್ಲಿ? ಈಗ ತಿಂತಾವಾ ಇಲ್ವಾ, ಅದು ಹೇಳಿ ನಂಗೆ."

ಉಳಿದದ್ದು ಹಳೆಯ ದಾರಿ. ಮೈಕು, ಆಂಪ್ಲಿಫೈಯರು, ವೈರು. ಈ ಸಲ ಹಾರ್ನಿನ ಬದಲು ಹದಿನಾರು ಓಮಿನ ಇಯರ್‌ಫೋನು. ಕಾಲಿಂಗ್ ಬೆಲ್ಲಿನ ಸಣ್ಣ ವೈರನ್ನು ಅಂಗಳದ ಉದ್ದಕ್ಕೂ ಎಳೆದರು. ಭಾವನಿಗೇ ಭಾವ ಹೇಳಿದ ಪಾಠ ಮರೆತಿತ್ತು! ಹಟವೇ ಇಲ್ಲದ ಆ ಪುಟ್ಟ ಇಯರ್‌ಫೋನು ಹಳೆಯ ಆಂಪ್ಲಿಫೈಯರಿನ ಹೊಟ್ಟೆಯ ಉಸ್ ಉಸ್ಸನ್ನೆಲ್ಲ ಒಳಗೆ ಬಿಟ್ಟುಕೊಂಡಿತು. ಅಕ್ಕ, "ಕುಕ್ಕರ್ ಕೂಗ್ತಾ ಐತೆ, ಯಾರಾದ್ರೂ ಇಳ್ಸಿ" ಎಂದಳು. ಸಣ್ಣ ವೈರು ದಾರಿಯಲ್ಲೇ ಅರ್ಧ ತಿಂದುಹಾಕುತ್ತದೆ ಎಂದು ಭಾವ ಗುಂಡಿಯನ್ನು ಇನ್ನಷ್ಟು ತಿರುಗಿಸಿದರು. ಇಯರ್‌ಫೋನು ಟಪ್ ಎಂದಿತು. ಆಮೇಲೆ ಕುಕ್ಕರೂ ಇಲ್ಲ, ಏನೂ ಇಲ್ಲ.

"ಎಂಥಾ ಮಂಕ ನಾನು!" ಎಂದು ಭಾವ ನನಗೆ ಫೋನು ಮಾಡಿದರು. "ಇದಕ್ಕೆ ಬೇಕಾಗಿರೋದು ಜಾಸ್ತಿ ಓಮಿಂದೇ ಕಣಮ್ಮ! ಕೊಡೋದರ ಓಮ್ ತಗ್ಗಿರ್ಬೇಕು, ತಗೊಳ್ಳೋದರ ಓಮ್ ಎಂಟರಷ್ಟಾದ್ರೂ ಎದ್ದಿರ್ಬೇಕು. ಆಗ ಉಸ್ಸನ್ನೋದು ಒಳಕ್ಕೆ ಬರಲ್ಲ, ವೈರು ಎಷ್ಟು ಉದ್ದ ಇದ್ರೂ ಲೆಕ್ಕಕ್ಕಿಲ್ಲ. ನಿಮ್ಮನೆಯವರಿಗೆ ಹೇಳು, ಅವರು ತಂದಿದ್ದೇ ಸರಿ ಅಂತ." ಹೇಳಿದೆ. ನಮ್ಮ ಮನೆಯವರು ಒಂದು ವಾರ ತಲೆ ಎತ್ತಿಕೊಂಡು ಓಡಾಡಿದರು.

ಆದರೆ ಅಷ್ಟು ಹೊತ್ತಿಗೆ ಆ ಬೆಳೆಯ ಹುಳ ಹಣ್ಣಾಗಿ, ಮೇವು ಬಿಟ್ಟು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಏರಿತ್ತು. ಭಾವ ಅವಸರದಲ್ಲಿ ಹಾಲು ಕರೆಯುವ ಹೆಡ್‌ಫೋನನ್ನೇ ತಂದು ಜೋಡಿಸಿದರೂ ಮಂಕು ಗುಂಯ್‌ ಬಿಟ್ಟು ಏನೂ ಬರಲಿಲ್ಲ. ಆಂಪ್ಲಿಫೈಯರು ಬಿಚ್ಚಿದರು, ಕಟ್ಟಿದರು. ಪಿನ್ನುಗಳಿಗೆ ಹೊಸದಾಗಿ ಬೆಸುಗೆ ಹಾಕಿದರು. ಕೊನೆಗೆ ಮೈಕನ್ನು ಇಳಿಸಿ ನೋಡಿದರೆ, ದಾರ ಹಿಡಿದು ಹತ್ತಿದ್ದ ಯಾವುದೋ ಒಂದು ಹುಳ, ಮೈಕಿನ ಸ್ಪಂಜಿನ ಮೇಲೆ ತನ್ನ ಪಾಡಿಗೆ ತಾನು ಹಳದಿ ಗೂಡು ಕಟ್ಟಿಕೊಂಡು ಒಳಗೆ ಮಲಗಿಬಿಟ್ಟಿತ್ತು!

ಅಕ್ಕ ಅದನ್ನು ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದಳಂತೆ. "ಇದೊಂದಾದ್ರೂ ನನ್ ಹತ್ರ ಬರಣ ಅಂತ ಹೊರಟಿತ್ತು ನೋಡಿ" ಎಂದಳಂತೆ. ಇದನ್ನು ಹೇಳುವಾಗ ಭಾವನ ಧ್ವನಿ ಫೋನಿನಲ್ಲಿ ತಗ್ಗಿತು. ಲೈನು ಸರಿಯಿಲ್ಲವೇನೋ ಎಂದುಕೊಂಡೆ.

ಮುಂದಿನ ಬೆಳೆಗೆ, ಕೊನೆಯ ವಾರ ಆಳುಗಳಿಗೆ ಅಡುಗೆ ಮಾಡಿಹಾಕಲು ನಾನು ಅಕ್ಕನ ಮನೆಗೆ ಹೋದೆ. ಎಲ್ಲ ಸಿದ್ಧವಾಗಿತ್ತು. ನಾಲ್ಕನೇ ಜ್ವರ ಎದ್ದು ಹುಳಗಳು ಬೆರಳುದ್ದ ಬೆಳೆದಿದ್ದವು. ಮಧ್ಯಾಹ್ನ ಭಾವ ಹುಳದ ಮನೆಗೆ ಹೋಗುವ ಮೊದಲು ಅಕ್ಕನ ಕಿವಿಗೆ ತಾವೇ ಹೆಡ್‌ಫೋನು ತೊಡಿಸಿದರು. ಒಳಗೆ ಸೊಪ್ಪು ಬಿತ್ತು.

ಅಕ್ಕನ ಮುಖ ನೋಡುತ್ತಿದ್ದವಳು ನಾನು. ಮೊದಲು ಹುಬ್ಬು ಗಂಟಿಕ್ಕಿತು. ಆಮೇಲೆ ನಿಧಾನವಾಗಿ ಸಡಿಲವಾಯಿತು. ನಾನು ಬಗ್ಗಿ ಹೆಡ್‌ಫೋನಿನ ಅಂಚಿಗೆ ಕಿವಿಯಿಟ್ಟೆ. ಸಣ್ಣಗೆ ಬರುತ್ತಿತ್ತು, ಅದೇ! ನಡುಮನೆ, ಚಾಪೆ, ಅಪ್ಪನ ಮುಖ ಎಲ್ಲ ಅದರೊಳಗಿದ್ದವು. ಅಕ್ಕನೂ ನಾನೂ ಒಂದೇ ಹೊದಿಕೆಯಲ್ಲಿ ಮಲಗಿ ಅದನ್ನು ಕೇಳುತ್ತ ಕೇಳುತ್ತ ನಿದ್ದೆ ಹೋಗುತ್ತಿದ್ದೆವು. ಈಗ ಇಬ್ಬರಿಗೂ ತಲೆ ನೆರೆತಿದೆ.

ಭಾವ ಓಡಿಬಂದರು. "ಹೆಂಗೈತೆ? ಉಸ್ ಅಂತದಾ? ಒಡೀತದಾ?"

ಅಕ್ಕ ಹೆಡ್‌ಫೋನನ್ನು ತೆಗೆದು ಜಗುಲಿಯ ಮೇಲೆ ಇಟ್ಟಳು. "ಚೆನ್ನಾಗೈತೆ" ಎಂದಳು. ಎದ್ದು ಒಳಗೆ ಹೋಗುವಾಗ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು: "ನಾನಿಲ್ದಿದ್ರೂ ತಿಂತಾವೆ ಬಿಡೇ."

ಆವತ್ತು ಮತ್ತೆ ಅವಳು ಅದನ್ನು ಮುಟ್ಟಲಿಲ್ಲ. ಅವರೆಕಾಯಿ ರಾಶಿಯ ಮುಂದೆ ಕೂತವಳು ಏಳಲೇ ಇಲ್ಲ. ಭಾವ ಪಾಪ, ಆಂಪ್ಲಿಫೈಯರಿನ ಬೆನ್ನಿಗೆ ಬಿದ್ದರು. ಆ ಗುಂಡಿ ತಿರುಗಿಸುತ್ತಾರೆ, ಈ ಪಿನ್ನು ಒರೆಸುತ್ತಾರೆ. "ಮ್ಯಾಚಿಂಗ್ ಎಲ್ಲೋ ತಪ್ಪೈತೆ ಕಣಮ್ಮ. ಇಲ್ದಿದ್ರೆ ಅವಳು ಯಾಕೆ ತೆಗೆದಿಡ್ತಾಳೆ?"

ನಾನು ಕಾಫಿ ಲೋಟ ಕೊಟ್ಟೆ. "ಭಾವ, ಓಮ್ ಎಲ್ಲಾ ಸರಿಯಾಗೇ ಇದೆ. ಅವಳಿಗೆ ಚೆನ್ನಾಗೇ ಕೇಳಿಸ್ತು. ತಾನಿಲ್ದಿದ್ರೂ ತಿಂತಾವೆ ಅಂತ ಕೇಳಿಸ್ತು."

ಭಾವ ಲೋಟವನ್ನು ಆಂಪ್ಲಿಫೈಯರಿನ ಮೇಲಿಟ್ಟು, ಗುಂಡಿಯಿಂದ ಕೈ ತೆಗೆದರು. ಕಾಫಿ ಆರಿಹೋಯಿತು.

ಮಾರನೆಯ ಬೆಳಗ್ಗೆ ಎಳೆಬಿಸಿಲಿನಲ್ಲಿ ಸೊಪ್ಪಿನ ಹೊರೆಗಳು ಹುಳದ ಮನೆಯೊಳಗೆ ಹೋದವು. ಭಾವನೂ ಹೋದರು. ಅಕ್ಕ ಜಗುಲಿಯಲ್ಲಿದ್ದಳು, ಹೆಡ್‌ಫೋನಿನ ಕಡೆ ಬೆನ್ನು ಮಾಡಿ. ಸುಮ್ಮನೆ ಯಾಕೆ ಬಿದ್ದಿರಬೇಕೆಂದು ನಾನೇ ಅದನ್ನು ಹಾಕಿಕೊಂಡೆ. ಸೊಪ್ಪಿನ ಸದ್ದಿಲ್ಲ, ತಿನ್ನುವ ಸದ್ದೂ ಇಲ್ಲ. ಕಿವಿಯ ಹತ್ತಿರವೇ, ಪಕ್ಕದಲ್ಲಿ ಕೂತವರ ಹಾಗೆ, ಭಾವನ ಧ್ವನಿ ಬಂತು.

"ಯಾರು ಹಾಕ್ಕೊಂಡಿದ್ದೀರೋ ಗೊತ್ತಿಲ್ಲ. ಅವಳಿಗೆ ಹೇಳಿ. ಸೊಪ್ಪು ಹಿಡ್ಕೊಂಡು ನಿಂತಿದ್ದೀನಿ. ಅವಳು ಹಾಕಿ ಅನ್ನೋವರ್ಗೂ ಹಾಕಲ್ಲ."

ನಾನು ಅಕ್ಕನಿಗೆ ಹಾಗೆಯೇ ಹೇಳಿದೆ.

"ಏನಂತೆ? ಹಸ್ಕೊಂಡಿರೋ ಹುಳಾನ ಮುಂದಿಟ್ಕೊಂಡು ಆಟ ಆಡ್ತಾರಾ ಇವ್ರು!" ಅಕ್ಕ ನನ್ನ ತಲೆಯಿಂದ ಹೆಡ್‌ಫೋನನ್ನು ಕಿತ್ತುಕೊಂಡು ಹಾಕಿಕೊಂಡಳು. "ಹಾಕಿ ಅಂದ್ರೆ!"

"ಅಕ್ಕ, ವೈರು ಅಲ್ಲಿಂದ ಇಲ್ಲಿಗೆ ಮಾತ್ರ. ನೀನು ಹೇಳೋದು ಅವರಿಗೆ ಕೇಳಲ್ಲ."

ಅಕ್ಕ ಎದ್ದು ನಿಂತು ಅಂಗಳದ ಆಚೆಗೆ ಕೂಗಿದಳು. "ಹಾಕ್ರೀ ಸೊಪ್ಪ!" ಎದುರು ಮನೆಯ ಅಜ್ಜಮ್ಮ ಬಾಗಿಲಿಗೆ ಬಂದು ಇಣುಕಿದರು. ಒಳಗಿನಿಂದ ಭಾವ ಏನೋ ಕೇಳಿದರೆಂದು ಕಾಣುತ್ತದೆ. ಅಕ್ಕ ಮತ್ತೆ ಕೂಗಿದಳು. "ಕೆಳಗಿನ ತಟ್ಟೆಯಿಂದ ಹಾಕಿ! ಹಿಂದ್ಗಡೆ ಮೂಲೇಲಿ ಸಣ್ಣ ಹುಳ ಇರ್ತಾವೆ, ಅವಕ್ಕೆ ಎಳೇ ಸೊಪ್ಪು!"

ಕೂಗಿ ಸುಸ್ತಾಗಿ ಕಂಬಕ್ಕೆ ಒರಗಿ ಕೂತಳು. ಸ್ವಲ್ಪ ಹೊತ್ತು ಏದುಸಿರು. ಆಮೇಲೆ ಉಸಿರು ತಗ್ಗಿತು, ಕಣ್ಣು ಮುಚ್ಚಿಕೊಂಡಳು. ಶಬ್ದ ಏಳುತ್ತಿದೆ ಎಂದು ನನಗೆ ಅವಳ ಮುಖದಿಂದಲೇ ಗೊತ್ತಾಯಿತು. ಮಡಿಲಲ್ಲಿ ಏನೂ ಇರಲಿಲ್ಲ. ಆದರೂ ಅವಳ ಎರಡು ಕೈಗಳೂ ಮೆಲ್ಲಗೆ ಎದ್ದು, ಸೆರಗಿನ ಮೇಲೆ ಇಲ್ಲದ ಸೊಪ್ಪನ್ನು ಹರಡಿ, ಅಂಚಿಗೆ ಜಾರಿದ್ದನ್ನು ಒಳಕ್ಕೆ ಸರಿಸಿದವು. ಮತ್ತೆ ಹರಡಿದವು.

ಒಳಗಿನಿಂದ ಭಾವ 'ಸಾಕಾ?' ಎಂದು ಕೇಳಿರಬೇಕು.

"ಇನ್ನೊಂದ್ ಸ್ವಲ್ಪ" ಎಂದಳು ಅಕ್ಕ. ಕಣ್ಣು ತೆರೆಯದೆ, ಪಕ್ಕದಲ್ಲಿದ್ದ ನನಗೂ ಕೇಳಿಯೂ ಕೇಳದ ಹಾಗೆ.

ಕೂಗಿ ಹೇಳೋಣವೆಂದು ನಾನು ಏಳುವಷ್ಟರಲ್ಲಿ, ಜಾಲರಿಯ ಆಚೆ ಭಾವ ಬಗ್ಗಿ ಇನ್ನೊಂದು ತೆಕ್ಕೆ ಸೊಪ್ಪು ಎತ್ತಿಕೊಳ್ಳುತ್ತಿದ್ದುದು ಕಾಣಿಸಿತು.